ಮರಕ್ಕೆ ಪಾಪವುಂಟೇ?

ಮದ್ಯದ ಕಾರಣಕ್ಕೆ ಪ್ರವಾದಿವರ್ಯರು(ಸ) ಶಪಿಸಿದ ಹತ್ತು ಮಂದಿಯ ಹದೀಸನ್ನು ನೀವು ಜುಮಾ ಪ್ರವಚನಗಳಲ್ಲಿ ಕೇಳಿರುತ್ತೀರಿ. ತಿರ್ಮಿದಿ ಮತ್ತು ಇಬ್ನುಮಾಜದಲ್ಲಿ ಅದು ಬಂದಿದೆ. ಹಿಂಡುವವನು, ಹಿಂಡಿಸುವವನು, ಕುಡಿಯುವವನು, ಹೊರುವವನು, ಹೊರಿಸಿಕೊಳ್ಳುವವನು, ಬಡಿಸುವವನು, ಮಾರುವವನು, ಆ ಹಣ ತಿನ್ನುವವನು, ಕೊಳ್ಳುವವನು, ಯಾರಿಗಾಗಿ ಕೊಳ್ಳಲಾಯಿತೋ ಅವನು. ಈ ಹತ್ತು ಮಂದಿಯಲ್ಲಿ ಬಡಗಿಯಿಲ್ಲ. ಹೆಸರಿಲ್ಲದ ಮಾತ್ರಕ್ಕೆ ಅವನು ಈ ಲೆಕ್ಕದಿಂದ ಹೊರಗುಳಿಯುತ್ತಾನೆಯೇ?

ದಾವಣಗೆರೆ ಮತ್ತು ಹರಿಹರದ ನಡುವೆ ಹಳೇ ಪಿ.ಬಿ. ರಸ್ತೆಯಲ್ಲಿ ಬಾತಿಯಿದೆ. ಅಲ್ಲಿಂದ ಎರಡೂ ಊರುಗಳಿಗೆ ಕೆಲಸಕ್ಕೆ ಹೋಗುವ ನಮ್ಮ ಬಡಗಿ ಸಹೋದರರೊಬ್ಬರ ಮುಂದೆ ಈ ಪ್ರಶ್ನೆ ಬಂದು ನಿಂತಿದೆ. ಹೊಸ ಮನೆ ಕಟ್ಟಿಸುತ್ತಿರುವ ಗಿರಾಕಿಯೊಬ್ಬರು ಬಾಗಿಲು, ಕಿಟಕಿ, ಅಡುಗೆಮನೆಯ ಕಪಾಟು ಎಲ್ಲವನ್ನೂ ಇವರಿಗೇ ವಹಿಸಿದ್ದಾರೆ. ಸಜ್ಜನರು, ಹಣಕ್ಕೆ ಸತಾಯಿಸುವವರಲ್ಲ. ಕೊನೆಯಲ್ಲಿ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿ ಹಾಲ್‌ನ ಮೂಲೆಗೆ ಅಂಥದ್ದೇ ಬೇಕು ಎಂದರಂತೆ. ಚಿತ್ರದಲ್ಲಿದ್ದುದು ತೇಗದ ಮರದ ಬಾರ್ ಕಟ್ಟೆ. ಅದರ ಹೊಟ್ಟೆಯೊಳಗೆ ಸಣ್ಣ ಫ್ರಿಜ್, ಫ್ರಿಜ್‌ನಲ್ಲಿ ಬಿಯರ್ ತುಂಬಿದ ಉಕ್ಕಿನ ಪೀಪಾಯಿ, ಅದಕ್ಕೆ ಜೋಡಿಸಿದ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್. ಅನಿಲದ ಒತ್ತಡಕ್ಕೆ ಬಿಯರ್ ಕೊಳವೆಯಲ್ಲಿ ಮೇಲೇರಿ ಹಲಗೆಯ ಮೇಲಿನ ನಲ್ಲಿಯಿಂದ ಲೋಟಕ್ಕೆ ಬೀಳುತ್ತದೆ. ಬಡಗಿಯ ಪಾಲಿಗೆ ಬರುವ ಕೆಲಸವೆಂದರೆ ಪೀಪಾಯಿಯ ಅಳತೆಗೆ ಗೂಡು, ನಲ್ಲಿಯ ಕಂಬಕ್ಕೆ ಮೇಲಿನ ಹಲಗೆಯಲ್ಲೊಂದು ತೂತು, ಫ್ರಿಜ್‌ನ ಬಿಸಿಗಾಳಿ ಹೊರಹೋಗಲು ಹಿಂಬದಿಗೆ ಜಾಲರಿ, ತೊಟ್ಟಿಕ್ಕಿದ್ದನ್ನು ಹಿಡಿಯುವ ತಟ್ಟೆಗೆ ತಗ್ಗು.

“ನಾನು ಮುಟ್ಟುವುದು ಮರವನ್ನು ಹಜರತ್, ಮದ್ಯವನ್ನಲ್ಲ” ಎಂಬುದು ಅವರ ಮಾತು.

ಈ ಮಾತನ್ನು ಸುಲಭವಾಗಿ ತಳ್ಳಿಹಾಕಬೇಡಿ, ಅದರಲ್ಲಿ ಹುರುಳಿದೆ. ಅಬ್ದುಲ್ ಕೈಸ್ ಗೋತ್ರದ ನಿಯೋಗ ಮದೀನಕ್ಕೆ ಬಂದಾಗ ಪ್ರವಾದಿವರ್ಯರು(ಸ) ಅವರಿಗೆ ನಾಲ್ಕು ಬಗೆಯ ಪಾತ್ರೆಗಳನ್ನು ನಿಷೇಧಿಸಿದ್ದರು. ಸೋರೆ ಬುರುಡೆ, ಮೆರುಗು ಹಚ್ಚಿದ ಮಣ್ಣಿನ ಗಡಿಗೆ, ಡಾಂಬರು ಬಳಿದ ಪಾತ್ರೆ, ಮತ್ತೊಂದು ‘ನಕೀರ್’, ಅಂದರೆ ಖರ್ಜೂರದ ಮರದ ಬುಡವನ್ನು ಕೊರೆದು ಮಾಡಿದ ತೊಟ್ಟಿ. ಆ ನಾಲ್ಕನೆಯದು ಮರಗೆಲಸವೇ. ಅವುಗಳಲ್ಲಿ ನೆನೆಹಾಕಿದ ಖರ್ಜೂರದ ನೀರು ಬೇಗ ಹುಳಿತು ಅಮಲೇರುತ್ತಿತ್ತು. ಆದರೆ ಮುಂದೆ ಆ ನಿಷೇಧವನ್ನು ಅವರೇ ಹಿಂದಕ್ಕೆ ಪಡೆದರು. ಪಾತ್ರೆಯು ಯಾವುದನ್ನೂ ಹಲಾಲ್ ಅಥವಾ ಹರಾಮ್ ಮಾಡುವುದಿಲ್ಲ, ಅಮಲೇರಿಸುವುದೆಲ್ಲ ಹರಾಮ್ ಎಂಬ ಅರ್ಥದ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ಹಾಗಾದರೆ ಮರಕ್ಕೆ ಪಾಪವಿಲ್ಲ. (ಬಿಯರ್ ಮದ್ಯವೇ ಅಲ್ಲ ಎನ್ನುವವರಿಗೆ ಒಂದು ಮಾತು: ಯಮನ್‌ನಲ್ಲಿ ಬಾರ್ಲಿಯಿಂದ ಮಾಡುತ್ತಿದ್ದ ‘ಮಿಝ್ರ್’ ಎಂಬ ಪಾನೀಯದ ಬಗ್ಗೆ ಪ್ರವಾದಿವರ್ಯರಲ್ಲೇ(ಸ) ವಿಚಾರಿಸಲಾಗಿತ್ತು. ಉತ್ತರ ಇದೇ ಆಗಿತ್ತು.)

ಆದರೆ ಆ ನಿಷೇಧ ಹಿಂದೆಗೆದಾಗ ಮರದ ತೊಟ್ಟಿಗೆ ಇನ್ನೊಂದು ಬದುಕಿತ್ತು. ಅದರಲ್ಲಿ ನೀರು ತುಂಬಬಹುದು, ಖರ್ಜೂರ ಇಡಬಹುದು. ಪೀಪಾಯಿಯ ಅಳತೆಗೆ ಕೊರೆದ ಗೂಡಿಗೆ ಅಂತಹ ಇನ್ನೊಂದು ಬದುಕು ಎಷ್ಟಿದೆ?

ಫಿಕ್ಹ್ ಗ್ರಂಥಗಳಲ್ಲಿ ಇದಕ್ಕೆ ಹತ್ತಿರದ ಚರ್ಚೆಯಿದೆ. ಮದ್ಯ ತಯಾರಿಸುತ್ತಾನೆಂದು ಗೊತ್ತಿದ್ದೂ ಒಬ್ಬನಿಗೆ ದ್ರಾಕ್ಷಿ ರಸವನ್ನು ಮಾರಬಹುದೇ? ಹಿಜರಿ 150ರಲ್ಲಿ ನಿಧನರಾದ ಇಮಾಮ್ ಅಬೂ ಹನೀಫಾ(ರ) ಮಾರಬಹುದೆಂದರು. ಅವರ ಶಿಷ್ಯರಾದ ಇಮಾಮ್ ಅಬೂ ಯೂಸುಫ್(ರ) ಮತ್ತು ಇಮಾಮ್ ಮುಹಮ್ಮದ್(ರ) ಒಪ್ಪಲಿಲ್ಲ. ಮುಸ್ಲಿಮೇತರರ ಮದ್ಯವನ್ನು ಕೂಲಿಗೆ ಹೊರುವವನ ವಿಷಯದಲ್ಲೂ ಗುರು ಶಿಷ್ಯರ ನಡುವೆ ಇದೇ ಭಿನ್ನಾಭಿಪ್ರಾಯ. ನಮ್ಮ ಕರಾವಳಿಯ ಸಹೋದರರು ಅನುಸರಿಸುವ ಶಾಫಿಈ ಮದ್‌ಹಬ್‌ನಲ್ಲಿ ನಿಲುವು ಇನ್ನೂ ಬಿಗಿ. ಅಬೂ ಹನೀಫಾರವರ(ರ) ಅಭಿಪ್ರಾಯಕ್ಕೆ ‘ಹಿದಾಯ’ ಗ್ರಂಥ ಕೊಡುವ ಕಾರಣ ಗಮನಾರ್ಹ. ಪಾಪವು ರಸದಲ್ಲಿಲ್ಲ, ಅದು ಬೇರೆಯದಾಗಿ ಮಾರ್ಪಟ್ಟ ಮೇಲೆ ಬರುತ್ತದೆ. ಆದರೆ ದಂಗೆಯ ಕಾಲದಲ್ಲಿ ದಂಗೆಕೋರನಿಗೆ ಆಯುಧ ಮಾರುವಂತಿಲ್ಲ. ಏಕೆಂದರೆ ಆಯುಧವು ಮಾರಿದ ರೂಪದಲ್ಲೇ ಇರಿಯುತ್ತದೆ.

ನಾನು ಮುಫ್ತಿಯಲ್ಲ. ಫತ್ವಾ ಬೇಕಾದವರು ಅವರನ್ನೇ ಕೇಳಬೇಕು. ಆದರೂ ಇಮಾಮರ ಈ ಅಳತೆಗೋಲನ್ನು ಹಿಡಿದು ನೋಡಿದರೆ, ಒಂದು ಸಾದಾ ಕಪಾಟು ದ್ರಾಕ್ಷಿ ರಸದ ಹಾಗೆ. ಮನೆಯೊಡೆಯನು ನಾಳೆ ಅದರಲ್ಲಿ ಪುಸ್ತಕವಿಟ್ಟರೂ ಬಾಟಲಿಯಿಟ್ಟರೂ ಅದು ಅವನ ಲೆಕ್ಕ. ಗಿರಾಕಿಯ ಮನಸ್ಸನ್ನು ಬಗೆದು ನೋಡುವ ಕೆಲಸವನ್ನು ಅಲ್ಲಾಹನು ಬಡಗಿಗೆ ವಹಿಸಿಲ್ಲ. ಆದರೆ ಬಿಯರ್ ನಲ್ಲಿಗೆಂದೇ ಕೊರೆದ ತೂತು ಕಾರ್ಖಾನೆ ಬಿಟ್ಟ ಮೇಲೆ ಮಾರ್ಪಡುವುದಿಲ್ಲ. ಉದ್ದೇಶವು ಅಳತೆಯೊಳಗೇ ಬಂದುಬಿಟ್ಟಿದೆ. ಇಂಚುಪಟ್ಟಿ ಹಿಡಿದವನಿಗೆ ಅದು ಗೊತ್ತಿಲ್ಲವೆಂದು ಹೇಳುವಂತಿಲ್ಲ. ಪಾಪದಲ್ಲಿ ಪರಸ್ಪರ ನೆರವಾಗಬಾರದೆಂಬ ಸೂರಃ ಅಲ್‌ಮಾಇದಃದ ಎರಡನೆಯ ವಚನದ ಆಜ್ಞೆ ಇಲ್ಲಿ ಅನ್ವಯವಾಗುತ್ತದೆಂದು ನನಗೆ ತೋರುತ್ತದೆ.

ಇನ್ನೊಂದು ವಿಷಯ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಅದಕ್ಕೆ ಮೊದಲು ಕೂಲಿಯವನು ಸಾರಾಯಿ ಅಂಗಡಿಯಿಂದ ತಲೆತಗ್ಗಿಸಿಕೊಂಡು ಮನೆಗೆ ಬರುತ್ತಿದ್ದ. ಮನೆಯ ಹೊಸ್ತಿಲು ಒಂದು ಗಡಿಯಾಗಿತ್ತು. ಹಾಲ್‌ನಲ್ಲಿ ಬಾರ್ ಕಟ್ಟೆ ಎದ್ದಾಗ ಆ ಗಡಿ ಅಳಿಯುತ್ತದೆ. ಶಾಲೆಯಿಂದ ಬಂದ ಮಗು ಅದನ್ನು ಸೋಫಾದಂತೆ, ಟಿ.ವಿ.ಯಂತೆ ಮನೆಯ ಸಾಮಾನೆಂದೇ ನೋಡುತ್ತದೆ. ಚೆಂದವಾಗಿ ಪಾಲಿಶ್ ಮಾಡಿದ ಮರ ಅದಕ್ಕೊಂದು ಮರ್ಯಾದೆ ತಂದುಕೊಡುತ್ತದೆ. ಆ ಮರ್ಯಾದೆ ಬಡಗಿಯ ಕೈಯಿಂದಲೇ ಬಂದದ್ದು. ಗಿರಾಕಿ ಯಾವ ಧರ್ಮದವರೆಂದು ನಾನು ಹೇಳಲಿಲ್ಲ, ಬೇಕೆಂದೇ ಹೇಳಲಿಲ್ಲ. ನಮ್ಮವರ ಕೆಲವು ಮನೆಗಳಲ್ಲಿ ಬೀಗ ಹಾಕಿದ ಕಪಾಟುಗಳಿರುವುದು ನಮಗೆ ತಿಳಿಯದ ಸಂಗತಿಯಲ್ಲ.

ಹಾಗಾದರೆ ಆ ಸಹೋದರರಿಗೆ ಹೇಳುವುದೇನು? ಸಹೀಹ್ ಬುಖಾರಿಯಲ್ಲಿ ಒಂದು ಘಟನೆಯಿದೆ. ಒಬ್ಬನು ಹ. ಇಬ್ನು ಅಬ್ಬಾಸ್‌ರ(ರ) ಬಳಿ ಬಂದು, ತನ್ನ ಜೀವನೋಪಾಯ ಕೈಕೆಲಸವೇ, ತಾನು ಜೀವಿಗಳ ರೂಪಗಳನ್ನು ಮಾಡುವವನು ಎಂದ. ಅವರು ಈ ಬಗ್ಗೆ ಪ್ರವಾದಿವರ್ಯರಿಂದ(ಸ) ಕೇಳಿದ್ದನ್ನು ತಿಳಿಸಿದಾಗ ಅವನ ಮುಖ ಬಿಳಿಚಿಕೊಂಡಿತು. ಇಬ್ನು ಅಬ್ಬಾಸ್(ರ) ಅವನನ್ನು ಹಾಗೆಯೇ ಕಳುಹಿಸಲಿಲ್ಲ. ಮಾಡಲೇಬೇಕಾದರೆ ಮರಗಿಡಗಳನ್ನು, ಜೀವವಿಲ್ಲದ ವಸ್ತುಗಳನ್ನು ಮಾಡು ಎಂದು ದಾರಿ ತೋರಿಸಿದರು. ಕೈಯನ್ನು ಕಟ್ಟಲಿಲ್ಲ, ಬೇರೆ ಕೆಲಸದ ಕಡೆಗೆ ತಿರುಗಿಸಿದರು. ಹಾಗೆಯೇ ಇಲ್ಲಿಯೂ ಮೂಲೆಗೆ ಸಾದಾ ಕಟ್ಟೆ, ಮೇಲೆ ಗಾಜಿನ ಬಾಗಿಲಿನ ಕಪಾಟು ಮಾಡಿಕೊಡುತ್ತೇನೆ, ಪೀಪಾಯಿಯ ಗೂಡು ಮತ್ತು ನಲ್ಲಿಯ ಕೆಲಸ ನನ್ನಿಂದಾಗದು ಎನ್ನಬಹುದು. ಮುಂಗಡ ಪಡೆಯುವ ಮೊದಲೇ ಹೇಳಬೇಕು, ಅರ್ಧ ಕೆಲಸವಾದ ಮೇಲಲ್ಲ. ಉಪದೇಶ ಬೇಡ. ಮುಂಗಡ ಪಡೆದು “ನಾಳೆ ಬರುತ್ತೇನೆ” ಎಂದು ತಿಂಗಳುಗಟ್ಟಲೆ ಕಾಯಿಸುವ ಬಡಗಿಯ ಬಾಯಲ್ಲಿ ಹರಾಮಿನ ಮಾತು ಯಾರಿಗೂ ರುಚಿಸುವುದಿಲ್ಲ.

ಗಿರಾಕಿ ಒಪ್ಪಬಹುದು. ಎಲ್ಲ ಕೆಲಸವನ್ನೂ ಮಾಡುವುದಾದರೆ ಮಾಡು, ಇಲ್ಲವಾದರೆ ಬಿಡು ಎನ್ನಲೂಬಹುದು. ಆಗ ಹೋಗುವುದು ಎರಡು ತಿಂಗಳ ಕೂಲಿ, ಮಕ್ಕಳ ಶಾಲೆಯ ಶುಲ್ಕ. ಬಿಡು ಎಂದು ಹೇಳುವ ನನ್ನಂಥವರಿಗೆ ಇದರಿಂದ ಒಂದು ರೂಪಾಯಿಯೂ ನಷ್ಟವಿಲ್ಲ. ಝಕರಿಯ್ಯಾ(ಅ) ಬಡಗಿಯಾಗಿದ್ದರೆಂಬ ಹದೀಸನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಅದೇ ಕಸುಬಿನವನು ನಮ್ಮ ಮನೆಗೆ ಮಂಚ ಮಾಡಿಕೊಟ್ಟಾಗ ರಿಯಾಯಿತಿಗೆ ಜಗ್ಗುತ್ತೇವೆ, ಬಾಕಿಯನ್ನು ಈದ್ ಕಳೆಯಲಿ ಎನ್ನುತ್ತೇವೆ. ಬಾತಿಯ ಆ ಸಹೋದರರು ಕೆಲಸ ಬಿಟ್ಟರೆ, ಅವರ ಕೈಗೆ ಮುಂದಿನ ಕೆಲಸ ಕೊಡುವವರು ನಮ್ಮ ಜಮಾಅತ್‌ನಲ್ಲಿ ಯಾರಿದ್ದಾರೆ ಎಂದು ಈ ಶುಕ್ರವಾರವೇ ವಿಚಾರಿಸೋಣ.