ಬೀದಿ ತುಂಬ ಆಡುವ ಮಕ್ಕಳು

ಕರ್ತನಲ್ಲಿ ಪ್ರಿಯ ಯೌವನಸ್ಥರೇ, ಜೆಕರ್ಯ 8:5 ತೆಗೆಯಿರಿ. ಸೆರೆಯಿಂದ ಹಿಂದಿರುಗಿದ ಜನಕ್ಕೆ ಯೆರೂಸಲೇಮಿನ ವಿಷಯವಾಗಿ ದೇವರ ವಾಗ್ದಾನ ಏನು ಗೊತ್ತಾ? ಬೀದಿ ತುಂಬ ಆಡುವ ಹುಡುಗರು, ಹುಡುಗಿಯರು!

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಆಲೆಮನೆಗಳನ್ನ ನೋಡಿದ್ದೀರಲ್ವಾ? ಅಲ್ಲಿಗೆ ವಲಸೆ ಬಂದವರ ಮಕ್ಕಳನ್ನೂ ನೋಡಿ. ಆಟ ಮಗುವಿನ ಹಕ್ಕು ಅಂತ 1989ರ ವಿಶ್ವಸಂಸ್ಥೆಯ ಒಡಂಬಡಿಕೆ ಹೇಳುತ್ತೆ. 1992ರಲ್ಲಿ ಭಾರತವೂ ಒಪ್ಪಿತು. ಆದರೆ ಇವರನ್ನ ಆಟಕ್ಕೆ ಕರೆಯೋರು ಯಾರು?

ಶನಿವಾರ ಸಂಜೆ ಒಂದು ಗಂಟೆ ಕೊಡಿ. ಕಬಡ್ಡಿಗೆ, ಖೋ-ಖೋಗೆ ದುಡ್ಡು ಬೇಕಿಲ್ಲ. ತಂಡಕ್ಕೆ ಹೆಸರು ಕೂಗಿ ಕರೆದಾಗ, 'ನಾನೂ ಲೆಕ್ಕಕ್ಕಿದ್ದೀನಿ' ಅಂತ ಆ ಮಗುವಿಗೆ ಅನ್ಸುತ್ತೆ. ವಾರವಾರ ಬರ್ತಿದ್ದ ಮಗು ಬರದಿದ್ರೆ ಹುಡುಕಿಕೊಂಡು ಹೋಗಿ. ಅಪಾಯ ಕಂಡ್ರೆ 1098ಕ್ಕೆ ಕರೆಮಾಡಿ. ತೊಂಬತ್ತೊಂಬತ್ತನ್ನು ಬಿಟ್ಟು ಒಂದನ್ನು ಹುಡುಕಿದ ಕುರುಬನ ಶಿಷ್ಯರಲ್ಲವೇ ನಾವು? ಆಮೆನ್.