ಸೋತ ಯತ್ನದ ಲೆಕ್ಕ

ಯುನಿಕ್ಸ್ ಮಾದರಿಯ ಕಂಪ್ಯೂಟರ್ ವ್ಯವಸ್ಥೆಗಳಲ್ಲಿ ಒಳಬರಲು ಯತ್ನಿಸಿ ಸೋತವರಿಗೆ ಬೇರೆಯದೇ ದಾಖಲೆ ಇರುತ್ತದೆ. ಲಿನಕ್ಸ್‌ನಲ್ಲಿ ಅದು ಬಿಟಿಎಂಪಿ ಎಂಬ ಕಡತ. ಮೇಲ್ವಿಚಾರಕ ‘ಲಾಸ್ಟ್‌ಬಿ’ ಎಂದು ಟೈಪಿಸಿದರೆ ಬಳಕೆದಾರನ ಹೆಸರು, ಬಂದ ವಿಳಾಸ, ದಿನ, ಹೊತ್ತು ಸಾಲುಸಾಲಾಗಿ ಕಾಣುತ್ತವೆ. ಪಾಸ್‌ವರ್ಡ್ ಮರೆತವನಿಗೂ ಕದಿಯಲು ಬಂದವನಿಗೂ ಅಲ್ಲಿ ಒಂದೇ ತೆರನಾದ ಸಾಲು. ಧರ್ಮಚಿಂತನೆಯ ಹಳೆಯ ಪ್ರಶ್ನೆಯೂ ಇದೇ: ಕೈಗೂಡದ ಕೃತ್ಯಕ್ಕೆ ಹೊಣೆ ಎಷ್ಟು, ಅದನ್ನು ಅಳೆಯುವವರು ಯಾರು?

ವಿಜಯಪುರ ಸೀಮೆಯಲ್ಲಿ ನೆಲೆಯೂರಿದ ಪರಂಪರೆಗಳು ಇದನ್ನು ಆಳವಾಗಿಯೇ ಯೋಚಿಸಿವೆ. ಜೈನರು ದ್ರವ್ಯಹಿಂಸೆ, ಭಾವಹಿಂಸೆ ಎಂದು ಬೇರ್ಪಡಿಸುತ್ತಾರೆ. ಜೀವ ಉಳಿದರೂ ಕೊಲ್ಲುವ ಭಾವಕ್ಕೆ ಕರ್ಮ ಅಂಟುತ್ತದೆ. ಇಸ್ಲಾಮಿನಲ್ಲಿ ಮನುಷ್ಯನ ನಡೆಯನ್ನು ಬರೆದಿಡುವ ದೇವದೂತರಿದ್ದಾರೆ. ಆದರೆ ಕೆಡುಕನ್ನು ಬಗೆದು, ದೇವರಿಗಂಜಿ ಕೈಬಿಟ್ಟವನ ಹೆಸರಿಗೆ ಪುಣ್ಯವೇ ದಾಖಲಾಗುತ್ತದೆ ಎನ್ನುತ್ತದೆ ಹದೀಸ್. ಬಸವನ ಬಾಗೇವಾಡಿಯಿಂದ ಹೊರಟು ಅರಸ ಬಿಜ್ಜಳನ ಭಂಡಾರದ ಲೆಕ್ಕ ನೋಡಿದ ಬಸವಣ್ಣನವರ ದಾರಿಯೇ ಬೇರೆ. 12ನೆಯ ಶತಮಾನದ ಆ ಭಂಡಾರಿ ತಮ್ಮ ಭಕ್ತಿಯ ಕುಂದುಗಳನ್ನು ತಾವೇ ವಚನಗಳಲ್ಲಿ ಹೇಳಿಕೊಂಡರು. ತಪ್ಪಿದವರೂ ಲೆಕ್ಕ ಇಟ್ಟವರೂ ಒಬ್ಬರೇ ಆದಾಗ ಉದ್ದೇಶ ಮರೆಯಾಗಲು ಎಡೆಯಿಲ್ಲ. ಯಂತ್ರಕ್ಕೆ ಈ ಅನುಕೂಲವಿಲ್ಲ.

ಮನಸ್ಸನ್ನು ಕಾಣಲಾರದ ಲೆಕ್ಕಿಗ ಎಷ್ಟು ಬರೆಯಬೇಕು? ಎಲ್ಲವನ್ನೂ ಬರೆಯುವುದೇ ನ್ಯಾಯ ಎನ್ನಿಸೀತು. ಅನುಭವ ಬೇರೆ ಹೇಳುತ್ತದೆ. ಅವಸರದಲ್ಲಿ ಜನ ಹೆಸರಿನ ಜಾಗದಲ್ಲಿ ಪಾಸ್‌ವರ್ಡನ್ನೇ ಒತ್ತಿಬಿಡುತ್ತಾರೆ. ಅದನ್ನು ಇದ್ದಂತೆ ಬರೆದಿಟ್ಟರೆ ಕಾವಲಿನ ದಾಖಲೆಯೇ ಗುಟ್ಟು ಬಿಟ್ಟುಕೊಡುತ್ತದೆ. ಹೀಗಾಗಿ ಡೆಬಿಯನ್‌ನಂಥ ಲಿನಕ್ಸ್‌ಗಳ ಲಾಗಿನ್ ಸಂರಚನಾ ಕಡತದಲ್ಲಿ, ಗುರುತಿಲ್ಲದ ಹೆಸರನ್ನು ಬರೆಯಬಾರದೆಂದು ಮೊದಲೇ ನಿಗದಿ ಮಾಡಿರುತ್ತಾರೆ. ಬಿಟಿಎಂಪಿಯನ್ನು ಸಾಮಾನ್ಯ ಬಳಕೆದಾರರು ಓದಲಾಗದು. ಬರೆಯದೆ ಬಿಡುವುದೂ ಲೆಕ್ಕಿಗನ ಧರ್ಮವೇ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಸಿಗುವುದು ಕಷ್ಟ.

ದಾಖಲೆ ಶಿಕ್ಷೆಯಾಗಿ ತಿರುಗಿದಾಗ ಪ್ರಶ್ನೆ ಇನ್ನೂ ಬಿಗಿಯಾಗುತ್ತದೆ. ಲಿನಕ್ಸ್‌ನ ಫೇಲ್‌ಲಾಕ್ ಎಂಬ ಭಾಗವನ್ನು ಚಾಲೂ ಮಾಡಿದರೆ, ಬೇರೆ ಸೂಚನೆ ಇಲ್ಲದಾಗ, 15 ನಿಮಿಷದೊಳಗೆ 3 ಬಾರಿ ತಪ್ಪಿದವರ ಖಾತೆ 10 ನಿಮಿಷ ಮುಚ್ಚಿಹೋಗುತ್ತದೆ. ಕಂಪ್ಯೂಟರಿನ ಮುಂದೆ ಕೂತವರಿಗೆ ಅದು ಸಣ್ಣ ತೊಂದರೆ. ಆದರೆ ವಿಜಯಪುರ ಸೀಮೆಯ ಇಂಡಿ, ಸಿಂದಗಿ, ಮುದ್ದೇಬಿಹಾಳದಂಥ ತಾಲ್ಲೂಕುಗಳಲ್ಲಿ ದುಡಿದು ಬೆರಳ ಗೆರೆ ಸವೆದ ಕೂಲಿಕಾರರಿದ್ದಾರೆ. ಅಂಥವರ ಹೆಬ್ಬೆಟ್ಟನ್ನು ನ್ಯಾಯಬೆಲೆ ಅಂಗಡಿಯ ಯಂತ್ರ ಒಪ್ಪದಿರುವುದುಂಟು. ಅಂಥ ಒಬ್ಬ ಹೆಣ್ಣುಮಗಳನ್ನು ನೆನೆಯಿರಿ: ಬಂದವಳು ಅವಳೇ, ಪಡಿತರ ಕಾರ್ಡೂ ಅವಳದೇ. ಆದರೂ ಗುರುತು ಹೊಂದಲಿಲ್ಲ ಎಂಬ ಸಾಲು ಬೀಳುವುದು ಅವಳ ಹೆಸರಿಗೆ. ಸೋಲನ್ನು ಎಣಿಸುವವರು ಅದು ಯಾರ ಸೋಲು ಎಂದು ವಿಚಾರಿಸಲೇಬೇಕು. ವಿಚಾರಿಸದ ಎಣಿಕೆಯ ಮೇಲೆ ಅಕ್ಕಿ ನಿಲ್ಲಿಸುವುದು ಅಧರ್ಮ.

ಲೆಕ್ಕಕ್ಕೆ ಕೊನೆಯೂ ಇದೆ. ಸರಿಯಾದ ಪಾಸ್‌ವರ್ಡ್ ಕೊಟ್ಟು ಒಳಬಂದೊಡನೆ ಫೇಲ್‌ಲಾಕ್ ಹಿಂದಿನ ಎಣಿಕೆಯನ್ನು ಅಳಿಸುತ್ತದೆ. ಬಿಟಿಎಂಪಿ ಕಡತವನ್ನು ಸಾಮಾನ್ಯವಾಗಿ ತಿಂಗಳಿಗೊಮ್ಮೆ ಬದಲಿಸಿ, ಹಿಂದಿನದೊಂದನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಜೈನಮತದಲ್ಲಿಯೂ ಅಂಟಿದ ಕರ್ಮ ಉದುರುತ್ತದೆ, ಅದನ್ನು ನಿರ್ಜರೆ ಎನ್ನುತ್ತಾರೆ. ಅದಕ್ಕೆ ಕರ್ಮ ಫಲ ಕೊಟ್ಟು ತೀರಬೇಕು, ಇಲ್ಲವೇ ತಪಸ್ಸು ಬೇಕು. ಕಡತ ಬದಲಾಗಲು ದಿನ ಕಳೆದರೆ ಸಾಕು, ಮರೆತವನ ಸಾಲೂ ಕಳ್ಳನ ಸಾಲೂ ಒಟ್ಟಿಗೇ ಹೋಗುತ್ತವೆ.