ಸುಗ್ಗಿಯ ಹಬ್ಬವೂ ಹಕ್ಕಲಿನ ಧರ್ಮವೂ

ದಾನವು ಪುಣ್ಯಕರವೆಂದು ಎಲ್ಲ ಮತಗಳೂ ಹೇಳುತ್ತವೆ. ಆದರೆ ದಾನಮಾಡುವವನು ಕೊಡುವುದು ತನ್ನದನ್ನೋ, ಅಥವಾ ಮೊದಲಿನಿಂದಲೂ ಪರರದಾಗಿದ್ದು ತನ್ನ ಕೈಯಲ್ಲಿ ನಿಂತಿದ್ದುದನ್ನೋ ಎಂಬ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ. ಈ ಪ್ರಶ್ನೆಗೆ ನಾವು ಹೇಳಿಕೊಳ್ಳುವ ಉತ್ತರ ಯಾವುದೋ ಅದರಂತೆಯೇ ಕೊಡುವವನ ಮಾತೂ, ತೆಗೆದುಕೊಳ್ಳುವವನ ಮುಖವೂ ಬೇರೆಯಾಗುತ್ತವೆ. ಸಂಸ್ಕೃತ ಪಾಠಶಾಲೆಯಲ್ಲಿ ಓದಿ, ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಹುಡುಗರಿಗೆ ಪಾಠ ಹೇಳಿ ನಿವೃತ್ತನಾಗಿರುವ ನನಗೆ ಇದರ ಉತ್ತರವು ದೊರೆತದ್ದು ಕ್ರೈಸ್ತರ ಸತ್ಯವೇದದ ಸುಗ್ಗಿಯ ಹಬ್ಬಗಳ ಪ್ರಕರಣದಲ್ಲಿ ಎಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ಅದು ಹೇಗೆಂಬುದನ್ನು ನಿವೇದಿಸುವುದೇ ಈ ಲೇಖನದ ಉದ್ದೇಶ.

ಮೊದಲು ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಬಯಲುಸೀಮೆಯ ಒಂದು ಊರಿನ ಶಾಲೆಯಲ್ಲಿ ನಾನಿದ್ದಾಗ, ಉದಾರಿಗಳಾದ ಗೃಹಸ್ಥರೊಬ್ಬರು ಬಡ ವಿದ್ಯಾರ್ಥಿಗಳಿಗೆ ಪುಸ್ತಕಗಳನ್ನು ಕೊಡಿಸಿದರು. ವಾರ್ಷಿಕೋತ್ಸವದ ದಿನ ತುಂಬಿದ ಸಭೆಯಲ್ಲಿ ಆ ಹುಡುಗರ ಹೆಸರುಗಳನ್ನು ಕೂಗುವ ಕೆಲಸ ನನ್ನದಾಗಿತ್ತು. ಒಂದೇ ಹೆಸರಿನ ಇಬ್ಬರು ಹುಡುಗರಿದ್ದುದರಿಂದ, ಯಾರೂ ಏಳದಿರಲು, ‘ಆ ವಿಧವೆಯ ಮಗ’ ಎಂದು ಗುರುತು ಸೇರಿಸಿ ಮತ್ತೆ ಕೂಗಿದೆನು. ಹುಡುಗನು ತಲೆ ತಗ್ಗಿಸಿಕೊಂಡು ಬಂದು ತೆಗೆದುಕೊಂಡನು. ಮರುದಿನ ಬೆಳಗ್ಗೆ ಆ ಪುಸ್ತಕಗಳು ನನ್ನ ಮೇಜಿನ ಮೇಲಿದ್ದವು. ಹುಡುಗನು ಮಾತ್ರ ಶಾಲೆಗೆ ಬರಲಿಲ್ಲ. ಮನೆಗೆ ಹೋಗಿ ವಿಚಾರಿಸಿದಾಗ ಆ ತಾಯಿ, “ಕೊಟ್ಟಿದ್ದು ತಪ್ಪಲ್ಲ ಮೇಷ್ಟ್ರೇ, ಕೂಗಿದ್ದು ತಪ್ಪು” ಎಂದಷ್ಟೇ ಹೇಳಿ ಒಳಗೆ ಹೋದಳು. ಅಮರಕೋಶವನ್ನು ತಡವರಿಸದೆ ಹೇಳುತ್ತಿದ್ದ ಆ ಬಾಲಕನು ಮತ್ತೆ ಶಾಲೆಯ ಮೆಟ್ಟಲು ಹತ್ತಲಿಲ್ಲ.

ಅನಂತರ ನನಗೆ ಕರಾವಳಿಗೆ ವರ್ಗವಾಯಿತು. ಬಾಸೆಲ್ ಮಿಶನ್ನಿನವರು ೧೮೩೪ರಲ್ಲಿ ಮಂಗಳೂರಿಗೆ ಬಂದು ನೆಲೆಸಿದ ಮೇಲೆ ಆ ಪ್ರಾಂತದಲ್ಲಿ ಪ್ರಾಟೆಸ್ಟಂಟ್ ಸಭೆಗಳು ಬೆಳೆದುವಷ್ಟೆ. ಅಂಥ ಸಭೆಗೆ ಸೇರಿದ ಸಹೋಪಾಧ್ಯಾಯರೊಬ್ಬರು ನನ್ನನ್ನು ತಮ್ಮ ಸುಗ್ಗಿಯ ಹಬ್ಬಕ್ಕೆ ಕರೆದುಕೊಂಡು ಹೋದರು. ದೇವಾಲಯದಲ್ಲಿ ಭತ್ತದ ತೆನೆ, ಬಾಳೆಗೊನೆ, ಕುಂಬಳಕಾಯಿ, ತೆಂಗಿನಕಾಯಿಗಳನ್ನು ರಾಶಿಯಾಗಿ ಇಟ್ಟಿದ್ದರು. ಆರಾಧನೆ ಮುಗಿದ ಮೇಲೆ ಅವುಗಳನ್ನು ಏಲಂ ಹಾಕಿ, ಬಂದ ಹಣವನ್ನು ಸಭೆಯ ಕಾರ್ಯಗಳಿಗೆ ಸೇರಿಸಿದರು. ಕಥೋಲಿಕರಾದರೋ ಸೆಪ್ಟೆಂಬರ್ ೮ರಂದು ತೆನೆಹಬ್ಬವನ್ನು ಆಚರಿಸಿ, ಆಶೀರ್ವದಿಸಲ್ಪಟ್ಟ ಹೊಸ ತೆನೆಯನ್ನು ಮನೆಗೆ ಒಯ್ದು, ಅದರ ಕಾಳುಗಳನ್ನು ಅಡಿಗೆಯಲ್ಲಿ ಬೆರಸಿ ಕುಟುಂಬದವರೆಲ್ಲರೂ ಕೂಡಿ ಉಣ್ಣುತ್ತಾರೆ. ಈ ಆಚರಣೆಗಳ ಮೂಲವನ್ನು ಕೇಳಿದಾಗ ಆ ಮಿತ್ರರು ಕನ್ನಡ ಸತ್ಯವೇದವನ್ನು ನನ್ನ ಕೈಯಲ್ಲಿಟ್ಟು, “ಪಂಡಿತರೇ, ಯಾಜಕಕಾಂಡದಿಂದ ಆರಂಭಿಸಿ ನೋಡಿ” ಎಂದರು.

ಆ ಕಾಂಡದ ಇಪ್ಪತ್ತಮೂರನೆಯ ಅಧ್ಯಾಯದಲ್ಲಿ ಇಸ್ರಾಯೇಲರ ಹಬ್ಬಗಳ ಪಟ್ಟಿಯಿದೆ. ಅವುಗಳಲ್ಲಿ ಮೂರು ಬೆಳೆಗೆ ಸಂಬಂಧಿಸಿದವು. ಪಸ್ಕದ ಕಾಲದಲ್ಲಿ ಜವೆಗೋದಿಯ ಮೊದಲ ಸಿವುಡನ್ನು ದೇವರಿಗೆ ನಿವಾಳಿಸುವುದು ಮೊದಲನೆಯದು. ಅಲ್ಲಿಂದ ಏಳು ವಾರಗಳನ್ನು ಎಣಿಸಿ, ಐವತ್ತನೆಯ ದಿನ ಗೋದಿಯ ಹೊಸ ಹಿಟ್ಟಿನಿಂದ ಮಾಡಿದ ಎರಡು ರೊಟ್ಟಿಗಳನ್ನು ಸಮರ್ಪಿಸುವ ವಾರಗಳ ಹಬ್ಬವು ಎರಡನೆಯದು. ಏಳನೆಯ ತಿಂಗಳಲ್ಲಿ ಫಲಗಳೆಲ್ಲ ಮನೆಗೆ ಬಂದ ಮೇಲೆ, ಏಳು ದಿನ ಎಲೆಕೊಂಬೆಗಳ ಗುಡಿಸಲಲ್ಲಿ ವಾಸಿಸಿ, ಪೂರ್ವಿಕರು ಐಗುಪ್ತದಿಂದ ಹೊರಟು ಅಲೆದುದನ್ನು ಸ್ಮರಿಸುವ ಪರ್ಣಶಾಲೆಗಳ ಹಬ್ಬವು ಮೂರನೆಯದು. ಕಣಜ ತುಂಬಿದ ವಾರದಲ್ಲಿಯೇ ಮನೆಯನ್ನು ಬಿಟ್ಟು ಗುಡಿಸಲಲ್ಲಿ ಮಲಗಬೇಕೆಂಬ ವಿಧಿಯ ಔಚಿತ್ಯವನ್ನು ವಾಚಕರು ಗಮನಿಸಬೇಕು.

ನಮ್ಮ ಪಾಠಶಾಲೆಯಲ್ಲಿ ಒಂದು ವಾಕ್ಯದ ಮುಂದೆ ಇನ್ನೊಂದು ಬಂದರೆ ‘ಸಂಗತಿ ಏನು?’ ಎಂದು ಗುರುಗಳು ಕೇಳದೆ ಬಿಡುತ್ತಿರಲಿಲ್ಲ. ಆ ಅಭ್ಯಾಸದಿಂದ ಓದುತ್ತಿದ್ದ ನನಗೆ ಇಲ್ಲಿ ಒಂದು ವಾಕ್ಯವು ಅಪ್ರಕೃತವೆಂದು ತೋರಿತು. ವಾರಗಳ ಹಬ್ಬದ ವಿಧಿ ಮುಗಿದು ಮುಂದಿನ ಹಬ್ಬವು ಆರಂಭವಾಗುವುದಕ್ಕೆ ಮೊದಲು, ನಡುವೆ ಹಬ್ಬಕ್ಕೆ ಸೇರದ ಒಂದು ಆಜ್ಞೆ ಬರುತ್ತದೆ: ಪೈರು ಕೊಯ್ಯುವಾಗ ಹೊಲದ ಅಂಚಿನವರೆಗೂ ಕೊಯ್ಯಬಾರದು, ಹಕ್ಕಲನ್ನು ಕೂಡಿಸಿಕೊಳ್ಳಬಾರದು, ಅವು ಬಡವರಿಗೂ ಪರದೇಶಿಗಳಿಗೂ ಇರಬೇಕು. ಇಲ್ಲಿ ಸಂಗತಿ ಏನು? ರೊಟ್ಟಿಯನ್ನು ದೇವರ ಮುಂದೆ ಇಟ್ಟು ಬಂದವನು ಹೊಲದ ಅಂಚನ್ನು ಬೋಳಿಸಿಕೊಂಡಿದ್ದರೆ ಅವನ ಹಬ್ಬವು ಪೂರ್ತಿಯಾಗಲಿಲ್ಲವೆಂದೇ ನನಗೆ ತೋರುತ್ತದೆ. ಅಂಚನ್ನು ಉಳಿಸುವುದು ಹಬ್ಬದ ಫಲವಲ್ಲ, ಹಬ್ಬದ ಅಂಗ.

ಧರ್ಮೋಪದೇಶಕಾಂಡವು ಇದನ್ನು ಇನ್ನೂ ವಿಸ್ತರಿಸುತ್ತದೆ. ಹೊಲದಲ್ಲಿ ಮರೆತು ಬಿಟ್ಟ ಸಿವುಡನ್ನು ತರಲು ಹಿಂದಿರುಗಿ ಹೋಗಕೂಡದು. ಅದು ಪರದೇಶಿ, ಅನಾಥ, ವಿಧವೆ ಇವರದು. ಕನ್ನಡದಲ್ಲಿ ‘ಪರದೇಶಿ’ ಎಂದರೆ ಹೊರನಾಡಿನವನೂ ಹೌದು, ದಿಕ್ಕಿಲ್ಲದವನೂ ಹೌದು. ಆ ಶಾಸ್ತ್ರದಲ್ಲಿಯೂ ಇಬ್ಬರಿಗೂ ಒಂದೇ ಪಾಲು. ಯಜಮಾನನು ಇಂಥವನಿಗೆ ಕೊಡುತ್ತೇನೆ, ಇಂಥವನಿಗೆ ಇಲ್ಲ ಎಂದು ಆರಿಸುವಂತಿಲ್ಲ. ಬಡವನು ಬೇಡಬೇಕಾಗಿಲ್ಲ, ತಾನೇ ಬಂದು, ತನ್ನ ಕೈಯಿಂದ ಆಯ್ದು, ತನ್ನ ಶ್ರಮದ ಫಲವೆಂದು ಮನೆಗೆ ಒಯ್ಯುತ್ತಾನೆ. ಯೆಹೂದ್ಯರ ಮಿಷ್ನಾ ಗ್ರಂಥವು ಅಂಚಿಗೆ ಮೇಲ್ಮಿತಿಯನ್ನು ಹೇಳದೆ, ಅರುವತ್ತರಲ್ಲಿ ಒಂದು ಪಾಲಿಗೆ ಕಡಿಮೆಯಾಗಬಾರದೆಂದು ಮಾತ್ರ ವಿಧಿಸುತ್ತದೆ. ಇದಕ್ಕೆಲ್ಲ ಕೊಡುವ ಕಾರಣವೂ ಒಂದೇ: ನೀವೂ ಐಗುಪ್ತದಲ್ಲಿ ದಾಸರಾಗಿದ್ದಿರಿ, ಅದನ್ನು ನೆನೆಯಿರಿ ಎಂಬುದು.

ಹಕ್ಕಲಿಗೆ ನಮ್ಮ ಸಂಸ್ಕೃತದಲ್ಲಿ ‘ಉಂಛ’ವೆಂದು ಹೆಸರು. ಮನುವು ಉಂಛಶಿಲದ ಜೀವನವನ್ನು ‘ಋತ’ವೆಂದು ಕರೆದಿದ್ದಾನೆ. ಮಹಾಭಾರತದ ಆಶ್ವಮೇಧಿಕ ಪರ್ವದಲ್ಲಿ, ಕುರುಕ್ಷೇತ್ರದ ಉಂಛವೃತ್ತಿಯ ಬ್ರಾಹ್ಮಣನೊಬ್ಬನು ಹಸಿದ ಅತಿಥಿಗೆ ಕೊಟ್ಟ ಸೇರು ಹಿಟ್ಟಿಗೆ ಧರ್ಮರಾಜನ ಯಾಗವು ಸಮವಾಗಲಿಲ್ಲವೆಂದು ಅರೆಮೈ ಹೊನ್ನಾದ ಮುಂಗುಸಿಯು ನುಡಿಯಿತು. ಆದರೆ ಭೇದವೊಂದುಂಟು. ನಮ್ಮ ಕಥೆಯು ಹಕ್ಕಲಾಯುವವನ ಮಹಿಮೆಯನ್ನು ಹೇಳುತ್ತದೆ. ಮೋಶೆಯ ಶಾಸ್ತ್ರವು ಹೊಲವುಳ್ಳವನ ಕರ್ತವ್ಯವನ್ನು ಹೇಳುತ್ತದೆ. ಆಯುವವನು ಎಷ್ಟೇ ಪವಿತ್ರನಾಗಿರಲಿ, ಹೊಲದವನು ಏನನ್ನೂ ಬಿಡದಿದ್ದರೆ ಆಯುವುದೇನನ್ನು? ಈ ಎರಡನೆಯ ಮಾತನ್ನು ನಾನು ಅಷ್ಟಾಗಿ ಯೋಚಿಸಿರಲಿಲ್ಲ.

ಈ ವಿಧಿಗೆ ಜೀವ ಬಂದುದು ರೂತಳ ಕಥೆಯಲ್ಲಿ. ಮೋವಾಬ್ ದೇಶದ ವಿಧವೆಯಾದ ಆಕೆ, ಅತ್ತೆಯಾದ ನೊವೊಮಿಯ ಕೈಬಿಡದೆ ಬೇತ್ಲೆಹೇಮಿಗೆ ಬಂದು, ಜವೆಗೋದಿಯ ಸುಗ್ಗಿಯಲ್ಲಿ ಹಕ್ಕಲಾಯಲು ಹೋದಳು. ಹೊಲದ ಯಜಮಾನನಾದ ಬೋವಜನು ಆಳುಗಳನ್ನು ಕರೆದು, ಆಕೆಯನ್ನು ಗದರಿಸಬಾರದೆಂದೂ, ಸಿವುಡುಗಳಿಂದ ತೆನೆಗಳನ್ನು ಬೇಕೆಂದೇ ಬೀಳಿಸಬೇಕೆಂದೂ ಹೇಳಿದನು. ಸಾಯಂಕಾಲ ಬಡಿದು ನೋಡಿದರೆ ಸುಮಾರು ಒಂದು ಏಫಾ ಕಾಳಾಯಿತು. ತನಗೆ ಯಾರೋ ದಾನಮಾಡಿದರೆಂಬ ಕುಗ್ಗಿಲ್ಲದೆ ಆಕೆ ಮನೆಗೆ ಬಂದಳು. ಈ ಪರದೇಶಿಯ ವಂಶದಲ್ಲಿಯೇ ದಾವೀದನು ಹುಟ್ಟಿದನು; ಮತ್ತಾಯನು ಬರೆದ ಯೇಸುವಿನ ವಂಶಾವಳಿಯಲ್ಲಿಯೂ ಆಕೆಯ ಹೆಸರಿದೆ. ವಾರಗಳ ಹಬ್ಬದಲ್ಲಿ ಯೆಹೂದ್ಯರು ತಮ್ಮ ಸಭಾಮಂದಿರಗಳಲ್ಲಿ ಇದೇ ಗ್ರಂಥವನ್ನು ಓದುವ ಪದ್ಧತಿಯುಂಟು.

ಯೇಸುವಿನ ಶಿಷ್ಯರು ಹಸಿದು, ಪೈರಿನ ಹೊಲಗಳಲ್ಲಿ ಹಾದುಹೋಗುತ್ತ ತೆನೆಗಳನ್ನು ಕಿತ್ತು ತಿಂದಾಗ, ಫರಿಸಾಯರು ಆಕ್ಷೇಪಿಸಿದ್ದು ಸಬ್ಬತ್ ದಿನದಲ್ಲಿ ಮಾಡಿದರೆಂದು ಮಾತ್ರ. ಕದ್ದರೆಂದು ಯಾರೂ ಹೇಳಲಿಲ್ಲ. ಹಸಿದವನ ಹಕ್ಕು ಅಷ್ಟು ಸರ್ವಸಮ್ಮತವಾಗಿತ್ತು. ಕ್ರೈಸ್ತಸಭೆಯು ಹುಟ್ಟಿದ ಪಂಚಾಶತ್ತಮ ದಿನವೂ ಈ ವಾರಗಳ ಹಬ್ಬವೇ. ಅಂದು ಸೇರಿದವರು ತಮ್ಮ ಸೊತ್ತನ್ನು ಮಾರಿ, ಅವರವರ ಕೊರತೆಗೆ ತಕ್ಕಂತೆ ಹಂಚಿಕೊಂಡರೆಂದು ಅಪೊಸ್ತಲರ ಕೃತ್ಯಗಳಲ್ಲಿ ಬರೆದಿದೆ.

ಇಲ್ಲಿ ಒಂದು ಆಕ್ಷೇಪವು ಏಳುತ್ತದೆ. ಅಂಚನ್ನು ಬಿಟ್ಟರೆ ಬಗ್ಗಿ ಆಯಬಲ್ಲವರಿಗೆ ಆಯಿತು. ಬಗ್ಗಲಾರದ ಮುದುಕರಿಗೆ, ಹಾಸಿಗೆ ಹಿಡಿದವರಿಗೆ ಗತಿಯೇನು? ಅವರ ಬಳಿಗೆ ನಾವೇ ಹೋಗಬೇಕು. ಆ ಮೊದಲ ಸಭೆಯಲ್ಲಿಯೇ ದಿನದಿನದ ಹಂಚಿಕೆಯಲ್ಲಿ ಗ್ರೀಕ್ ಭಾಷೆಯ ವಿಧವೆಯರನ್ನು ಅಲಕ್ಷ್ಯಮಾಡುತ್ತಾರೆಂದು ಗುಣುಗುಟ್ಟುವಿಕೆ ಹುಟ್ಟಿ, ಆ ಕೆಲಸಕ್ಕಾಗಿ ಏಳು ಮಂದಿಯನ್ನು ನೇಮಿಸಬೇಕಾಯಿತು. ಆದರೆ ಹತ್ತಿರ ಹೋಗಿ ಕೊಟ್ಟರೆ ಕೊಡುವವನ ಕೈ ಮೇಲಾಗುವುದಿಲ್ಲವೇ? ಇದಕ್ಕೆ ಸಮಾಧಾನವು ಪಸ್ಕ ಹಬ್ಬದ ಹೊತ್ತಿನಲ್ಲಿಯೇ ಯೇಸುವು ಶಿಷ್ಯರ ಪಾದಗಳನ್ನು ತೊಳೆದುದರಲ್ಲಿದೆ. ಗುರುವಾದವನು ಸೊಂಟಕ್ಕೆ ಬಟ್ಟೆ ಕಟ್ಟಿ ನೆಲಕ್ಕೆ ಬಾಗಿದನು. ಆದುದರಿಂದ ಸೇವೆಗೆ ಎರಡೇ ರೀತಿಗಳು: ಬಗ್ಗಬಲ್ಲವನಿಗೆ ಅಂಚನ್ನು ಬಿಟ್ಟು ನಾವು ದೂರ ಸರಿಯಬೇಕು, ಬಗ್ಗಲಾರದವನ ಮುಂದೆ ನಾವು ಬಗ್ಗಬೇಕು. ಎರಡರಲ್ಲಿಯೂ ನಮ್ಮ ಕೈ ಮೇಲಿರುವುದಿಲ್ಲ.

ಕ್ರೈಸ್ತ ರಾಷ್ಟ್ರಗಳೂ ಇದನ್ನು ಯಾವಾಗಲೂ ನೆನಪಿನಲ್ಲಿಟ್ಟುಕೊಳ್ಳಲಿಲ್ಲ. ಇಂಗ್ಲೆಂಡಿನಲ್ಲಿ ಸ್ಟೀಲ್ ಎಂಬವನು ಹೌಟನ್ ದಂಪತಿಗಳ ಮೇಲೆ ತಂದ ವ್ಯಾಜ್ಯದಲ್ಲಿ, ಹಕ್ಕಲಾಯುವುದು ಬಡವರ ಹಕ್ಕಲ್ಲವೆಂದು ೧೭೮೮ರಲ್ಲಿ ನ್ಯಾಯಾಧೀಶರು ಬಹುಮತದಿಂದ ತೀರ್ಪುಕೊಟ್ಟರು. ೫೫ ವರ್ಷಗಳ ತರುವಾಯ, ೧೮೪೩ರಲ್ಲಿ, ಕಾರ್ನ್‌ವಾಲಿನ ಮಾರ್ವೆನ್‌ಸ್ಟೋ ಗ್ರಾಮದ ಪಾದ್ರಿ ಹಾಕರ್ ಎಂಬವರು ತಮ್ಮ ದೇವಾಲಯದಲ್ಲಿ ಸುಗ್ಗಿಯ ಕೃತಜ್ಞತಾರಾಧನೆಯನ್ನು ಆರಂಭಿಸಿದರು. ಈಗ ಇಂಗ್ಲಿಷ್ ಸಭೆಗಳಲ್ಲಿ ರೂಢಿಯಲ್ಲಿರುವ ಸುಗ್ಗಿಯ ಹಬ್ಬವು ಅದರಿಂದ ಹಬ್ಬಿತೆಂದು ಹೇಳುತ್ತಾರೆ. ಹಬ್ಬವು ಬಂದುದು ಸಂತೋಷವೇ. ಆದರೆ ಒಮ್ಮೆ ಹಕ್ಕಾಗಿದ್ದುದು ದಯೆಯಾಗಿ ಮಾರ್ಪಟ್ಟರೆ, ಅದನ್ನು ಪಡೆಯುವವನು ವಂದನೆ ಹೇಳುವ ಋಣಕ್ಕೆ ಬೀಳುತ್ತಾನೆ. ವಂದನೆಯನ್ನು ಎದುರುನೋಡುವ ದಾನವು ಹೊಲದ ಅಂಚನ್ನು ಮೊದಲು ಕೊಯ್ದುಕೊಂಡು, ಆಮೇಲೆ ಅದರಿಂದಲೇ ಹಿಡಿ ಕಾಳನ್ನು ಎಸೆದಂತೆ.

ಈ ಪುಟಗಳನ್ನು ಓದಿದ ರಾತ್ರಿ ಆ ತಾಯಿಯ ಮಾತು ನನಗೆ ಮತ್ತೆ ಕೇಳಿಸಿತು. ನಾನು ಅಂಚನ್ನು ಬಿಟ್ಟಿರಲಿಲ್ಲ. ಅದನ್ನು ಕೊಯ್ದು, ಕೈಯಲ್ಲಿ ಎತ್ತಿ ಹಿಡಿದು, ಅವಳ ಮಗನನ್ನು ಹೆಸರಿಟ್ಟು ಕೂಗಿದ್ದೆನು. ಅದಕ್ಕೆ ಪ್ರಾಯಶ್ಚಿತ್ತವೆಂದು ಹೇಳಲಾರೆ. ಆದರೂ ಮುಂದೆ ನಾನಿದ್ದ ಶಾಲೆಗಳಲ್ಲೆಲ್ಲ ಪಡಸಾಲೆಯ ಮೂಲೆಯಲ್ಲಿ ಬೀಗವಿಲ್ಲದ ಒಂದು ಕಪಾಟನ್ನು ಇರಿಸಿ, ಪುಸ್ತಕ, ಕಾಗದ, ಸೀಸದಕಡ್ಡಿಗಳನ್ನು ತುಂಬಿಸುತ್ತಿದ್ದೆನು. ಯಾರು ಒಯ್ದರೆಂದು ಬರೆಯುವ ದಫ್ತರವನ್ನು ಇಡಲಿಲ್ಲ. ಅನುಕೂಲವಂತರ ಮಕ್ಕಳೂ ಒಯ್ಯುತ್ತಾರೆಂದು ಸಹೋದ್ಯೋಗಿಗಳು ದೂರಿದರು, ಒಯ್ದಿರಬಹುದು. ಹೊಲದ ಅಂಚಿನಲ್ಲಿ ಹಕ್ಕಿಗಳೂ ತಿನ್ನುತ್ತವೆ. ಅದಕ್ಕಾಗಿ ಅಂಚನ್ನು ಕೊಯ್ದುಬಿಡಬೇಕೆಂದು ಶಾಸ್ತ್ರವು ಹೇಳಿಲ್ಲ.

ನಮ್ಮಲ್ಲಿ ಅನೇಕರಿಗೆ ಈಗ ಹೊಲವಿಲ್ಲ. ಆದರೂ ಸಂಬಳ, ವಿದ್ಯೆ, ಬಿಡುವು ಇವುಗಳಲ್ಲಿ ಯಾವುದಾದರೊಂದು ಎಲ್ಲರಿಗೂ ಉಂಟು, ಮತ್ತು ಅದಕ್ಕೊಂದು ಅಂಚೂ ಉಂಟು. ಆ ಅಂಚು ನಮ್ಮದಲ್ಲವೆಂದು ಸುಗ್ಗಿಯ ದಿನವೇ ನೆನೆಯುವುದು ಕಷ್ಟ. ಆ ದಿನವೇ ನೆನೆಯಬೇಕೆಂದು ಹಬ್ಬದ ಪಟ್ಟಿಯ ನಡುವೆ ಆ ಆಜ್ಞೆಯನ್ನು ಬರೆದಿಟ್ಟಿದ್ದಾರೆ.